ಕನ್ನಗತ್ತರಿಗಳ ಸಂಗ್ರಹ

ಅಂಚೆಚೀಟಿ ಕೂಡಿಸುವವರನ್ನು ಕಂಡರೆ ಲೋಕಕ್ಕೆ ಗೌರವ. ಹಳೆಯ ನಾಣ್ಯ ಕೂಡಿಸುವವರನ್ನು ಕಂಡರೆ ಗೌರವದ ಜೊತೆಗೆ ಸ್ವಲ್ಪ ಅಸೂಯೆ. ತಾಮ್ರದ ಹಂಡೆ, ಹಿತ್ತಾಳೆಯ ದೀಪ, ಗ್ರಾಮೊಫೋನಿನ ತಟ್ಟೆ ಇಟ್ಟುಕೊಂಡವರ ಮನೆಗೆ ನೆಂಟರು ಹೋದರೆ ಒಂದು ಗಳಿಗೆ ನಿಂತು ನೋಡಿ 'ಭಲೆ' ಎನ್ನುತ್ತಾರೆ. ನಮ್ಮ ಮನೆಗೆ ಬಂದವರು ಮಾತ್ರ ಕಪಾಟಿನ ಮುಂದೆ ನಿಂತು, "ಇದೇನ್ರೀ, ಕೆಟ್ಟ ಫ್ಲಾಪಿ ಡ್ರೈವುಗಳನ್ನೆಲ್ಲ ಗುಡ್ಡೆ ಹಾಕಿದ್ದೀರಿ? ನಿಮ್ಮ ಕಡೆಗೆ ಭಂಗಾರದವನು ಬರುವುದಿಲ್ಲವೆ?" ಎಂದು ಕೇಳುತ್ತಾರೆ.

ಭಂಗಾರದವನು ಬರುತ್ತಾನೆ, ಪ್ರತಿ ಭಾನುವಾರವೂ ಬರುತ್ತಾನೆ. ನಮ್ಮ ಕಪಾಟನ್ನು ಕಂಡರೆ ಅವನಿಗಿರುವ ಪ್ರೀತಿ ನಮ್ಮ ನೆಂಟರಿಷ್ಟರಲ್ಲಿ ಯಾರಿಗೂ ಇಲ್ಲ.

ಆ ಕಪಾಟಿನಲ್ಲಿರುವುದು ಏನೆಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಟೆಲಿವಿಷನ್ನಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ವಾಚಕರಲ್ಲಿ ಬಹಳ ಮಂದಿ ನೋಡಿರಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಮುಂಬಯಿಯ ಚಾಳುಗಳಲ್ಲಿಯೂ ಬೇಸಗೆ ರಜೆ ಬಂದರೆ ಅದರದೇ ಕಾರುಬಾರು. ಪೆಟ್ಟಿಗೆಯ ನೆತ್ತಿಯ ಮೇಲಿನ ಸೀಳಿಗೆ ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಒತ್ತಿದರೆ ಆಟ ಶುರುವಾಗುತ್ತಿತ್ತು. ಶುರುವಾಗದಿದ್ದರೆ ಬಿಲ್ಲೆಯನ್ನು ತೆಗೆದು ಅದರ ಬಾಯಿಗೆ ಫೂ ಎಂದು ಊದಿ ಮತ್ತೆ ಒತ್ತುತ್ತಿದ್ದೆವು. ಊದಿದ್ದರಿಂದ ಪ್ರಯೋಜನವೇನೂ ಇರಲಿಲ್ಲ, ತೆಗೆದು ಹಾಕಿದ್ದರಿಂದಲೇ ತಂತು ಕೂಡಿಕೊಳ್ಳುತ್ತಿತ್ತು, ಉಸಿರಿನ ತೇವದಿಂದ ಲೋಹಕ್ಕೆ ಕೇಡೇ ಹೆಚ್ಚು ಎಂದು ಈಗ ಬಲ್ಲವರು ಹೇಳುತ್ತಾರೆ. ಇರಲಿ; ಆಗ ಅದು ಮಂತ್ರವಾಗಿತ್ತು.

ಈ ಬಿಲ್ಲೆಯೊಳಗಿನ ಆಟವನ್ನು ಓದಿ, ಫ್ಲಾಪಿಗೆ ನಕಲು ಮಾಡಿ, ಬೇಕೆಂದಾಗ ಆ ಫ್ಲಾಪಿಯಿಂದಲೇ ಆಡಿಸುವ ಯಂತ್ರಗಳು ಎಂಬತ್ತರ ದಶಕದ ಕೊನೆಯಿಂದ ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಹುಟ್ಟಿಕೊಂಡವು. ಅಂತಹ ಯಂತ್ರಗಳು ನಮ್ಮಲ್ಲಿ ಹನ್ನೊಂದು ಇವೆ. ಅದೇ ನಮ್ಮ ಸಂಗ್ರಹ.

ಹೆಸರುಗಳನ್ನು ಕೇಳಿದರೆ ಯಾವುದೋ ಸರ್ಕಸ್ ಕಂಪನಿಯ ಭಿತ್ತಿಪತ್ರವನ್ನು ಓದಿದಂತಾಗುತ್ತದೆ: ಸೂಪರ್ ಮ್ಯಾಜಿಕಾಂ, ಸೂಪರ್ ವೈಲ್ಡ್ ಕಾರ್ಡ್, ಗೇಮ್ ಡಾಕ್ಟರ್, ಪ್ರೊ ಫೈಟರ್, ಮಲ್ಟಿ ಗೇಮ್ ಹಂಟರ್. ತೈವಾನಿನ ಫ್ರಂಟ್ ಫಾರ್ ಈಸ್ಟ್ ಎಂಬ ಸಂಸ್ಥೆಯೂ ಹಾಂಗ್‌ಕಾಂಗಿನ ಬಂಗ್ ಎಂಬ ಸಂಸ್ಥೆಯೂ ಈ ಕಸುಬಿನಲ್ಲಿ ಹೆಸರು ಮಾಡಿದವು. ಬಂಗ್‌ನವರಿಗೆ 'ಡಾಕ್ಟರ್' ಎಂಬ ಪದವಿಯ ಮೇಲೆ ಬಹಳ ಮೋಹವಿದ್ದಂತೆ ತೋರುತ್ತದೆ. ನಿಂಟೆಂಡೊ 64ಕ್ಕಾಗಿ ಅವರು ಮಾಡಿದ ಯಂತ್ರವೂ ಡಾಕ್ಟರೇ, ಡಾಕ್ಟರ್ ವಿ64. ಅದು ಆಟದ ಪೆಟ್ಟಿಗೆಯ ಅಡಿಯಲ್ಲಿ ಮಣೆಯಂತೆ ಕುಳಿತುಕೊಳ್ಳುತ್ತದೆ. ಫ್ಲಾಪಿಯ ಬದಲು ಸಿ.ಡಿ. ನುಂಗುತ್ತದೆ, ಬೇಸರವಾದರೆ ವಿಡಿಯೋ ಸಿ.ಡಿ. ಹಾಕಿ ಸಿನಿಮಾ ಕೂಡ ನೋಡಬಹುದು. ನಮ್ಮ ಮನೆಯಾಕೆಯ ಅಭಿಪ್ರಾಯದಲ್ಲಿ ಇಡೀ ಕಪಾಟಿನಲ್ಲಿ ಉಪಯೋಗಕ್ಕೆ ಬರುವ ವಸ್ತು ಅದೊಂದೇ.

ಇಷ್ಟೆಲ್ಲ ಕಷ್ಟಪಟ್ಟು ನಕಲು ಮಾಡುವ ಅಗತ್ಯವೇನು ಎಂದರೆ, ಬಿಲ್ಲೆಗಳ ಬೆಲೆ. 1990ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಂ ಬಂದಮೇಲೆ ಒಂದೊಂದು ಆಟದ ಬೆಲೆ ಎಂಟು ಸಾವಿರ, ಹತ್ತು ಸಾವಿರ ಯೆನ್ ಮುಟ್ಟಿತು. 1995ರಲ್ಲಿ ಬಂದ 'ಕ್ರೋನೋ ಟ್ರಿಗರ್' ಆಟಕ್ಕೆ 11,400 ಯೆನ್. ಬಿಲ್ಲೆಯೊಳಗಿನ ಚಿಪ್ಪು ದುಬಾರಿ. ಆಟ ದೊಡ್ಡದಾದಷ್ಟೂ ಚಿಪ್ಪು ದೊಡ್ಡದು. ಫ್ಲಾಪಿಯೋ ಕಾಸಿಗೊಂದು. ಹೀಗಿರಲು ಯಾರಾದರೂ ಬಿಲ್ಲೆಯಿಂದ ಫ್ಲಾಪಿಗೆ ಕಾಲುವೆ ತೋಡದೆ ಬಿಟ್ಟಾರೆಯೆ?

ಆ ಕಾಲದ ಲೆಕ್ಕವೂ ಸ್ವಾರಸ್ಯವಾದದ್ದು. ಆಟದ ಗಾತ್ರವನ್ನು ಮೆಗಾಬಿಟ್ಟಿನಲ್ಲಿ ಹೇಳುತ್ತಿದ್ದರು. ದೊಡ್ಡ ಅಂಕಿಯಾಗಿ ಕಾಣಲಿ ಎಂದಿರಬೇಕು. ಎಂಟು ಮೆಗಾಬಿಟ್ ಸೇರಿದರೆ ಒಂದು ಮೆಗಾಬೈಟ್. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಹಿಡಿಯುವುದು 1.44 ಮೆಗಾಬೈಟ್. ನಾಲ್ಕು ಮೆಗಾಬಿಟ್ಟಿನ 'ಸೂಪರ್ ಮಾರಿಯೊ ವರ್ಲ್ಡ್' ಒಂದೇ ಫ್ಲಾಪಿಯಲ್ಲಿ ಕಾಲು ಚಾಚಿ ಮಲಗುತ್ತದೆ. ಹದಿನಾರು ಮೆಗಾಬಿಟ್ಟಿನ 'ಸ್ಟ್ರೀಟ್ ಫೈಟರ್ II'ಕ್ಕೆ ಎರಡು ಬೇಕು. ಮೂವತ್ತೆರಡರ 'ಕ್ರೋನೋ ಟ್ರಿಗರ್'ಗೆ ಮೂರು. ಫ್ಲಾಪಿ ಹಾಕಿ, ಗರಗರ ಸದ್ದು ಕೇಳುತ್ತ ಕುಳಿತು, ಯಂತ್ರ ಕೇಳಿದಾಗ ಎರಡನೆಯದನ್ನು ಕೊಟ್ಟು, ಮೂರನೆಯದನ್ನು ಕೊಟ್ಟು, ಅಷ್ಟರಲ್ಲಿ ಮನೆಯಲ್ಲಿ ಯಾರೋ ಸ್ವಿಚ್ಚು ಆರಿಸಿದರೆ ಮೊದಲಿನಿಂದ! ಯಂತ್ರದ ಸ್ಮರಣೆ ವಿದ್ಯುತ್ತು ಇರುವವರೆಗೆ ಮಾತ್ರ.

ಬಿಲ್ಲೆ ಮಾಡುವವರು ಸುಮ್ಮನೆ ಕುಳಿತಿರಲಿಲ್ಲ. ಪೆಟ್ಟಿಗೆಯೊಳಗೊಂದು ಕಾವಲಿನ ಚಿಪ್ಪು, ಬಿಲ್ಲೆಯೊಳಗೆ ಅದರ ಜೋಡಿ. ಇಬ್ಬರೂ ಒಂದೇ ತಾಳ ಹಾಕುತ್ತಿರಬೇಕು. ತಾಳ ತಪ್ಪಿದರೆ ಪೆಟ್ಟಿಗೆ ನಡೆಯುವುದಿಲ್ಲ. ನಕಲು ಯಂತ್ರದವರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ಯಂತ್ರದ ಸೀಳಿನಲ್ಲಿ ಯಾವುದಾದರೂ ಒಂದು ಅಸಲು ಬಿಲ್ಲೆಯನ್ನು ಸಿಕ್ಕಿಸಿಡುವುದು. ಅದು ತಾಳ ಹಾಕುತ್ತಿರುತ್ತದೆ, ಆಡುವುದು ಮಾತ್ರ ಫ್ಲಾಪಿಯ ಆಟ. ಮದುವೆಯ ಮನೆಯ ಬಾಗಿಲಲ್ಲಿ ಒಬ್ಬ ನಿಜವಾದ ಬೀಗರನ್ನು ನಿಲ್ಲಿಸಿ ಅವರ ಹಿಂದೆ ಹತ್ತು ಮಂದಿ ಊಟಕ್ಕೆ ನುಗ್ಗಿದ ಹಾಗೆ.

ಆದರೆ ಬಿಲ್ಲೆಯವರೂ ಚತುರರು. ಕೆಲವು ಬಿಲ್ಲೆಗಳೊಳಗೆ ಆಟದ ಜೊತೆಗೆ ಬೇರೊಂದು ಗಣಕದ ಚಿಪ್ಪನ್ನೇ ಇಟ್ಟರು. 1993ರ 'ಸ್ಟಾರ್ ಫಾಕ್ಸ್' ಅಂತಹದು. ಫ್ಲಾಪಿಗೆ ಅಕ್ಷರವನ್ನು ನಕಲು ಮಾಡಬಹುದೇ ಹೊರತು ಚಿಪ್ಪನ್ನು ಮಾಡಲು ಬರುತ್ತದೆಯೆ? ಎಲ್ಲಕ್ಕಿಂತ ಕ್ರೂರವಾದದ್ದು 1995ರಲ್ಲಿ ಅಮೆರಿಕದಲ್ಲಿ ಬಂದ 'ಅರ್ಥ್‌ಬೌಂಡ್'. ನಕಲು ಯಂತ್ರದಲ್ಲಿ, ಆಟವನ್ನು ಉಳಿಸಿಡುವ ಸ್ಮರಣೆಯ ಜಾಗ ಅಸಲು ಬಿಲ್ಲೆಯಲ್ಲಿರುವುದಕ್ಕಿಂತ ದೊಡ್ಡದು. ಆಟ ಆ ಜಾಗವನ್ನು ಅಳೆದು ನೋಡುತ್ತದೆ. ಹೆಚ್ಚಿದೆಯೆಂದು ತಿಳಿದರೆ ಮೊದಲು ಎಚ್ಚರಿಕೆಯ ಪರದೆಯನ್ನು ತೋರಿಸಿ ನಿಲ್ಲುತ್ತದೆ. ಆ ಅಡ್ಡಿಯನ್ನು ದಾಟಿಬಂದವನ ದಾರಿಯಲ್ಲಿ ಶತ್ರುಗಳನ್ನು ಹೆಜ್ಜೆ ಹೆಜ್ಜೆಗೂ ಹೆಚ್ಚಿಸುತ್ತದೆ. ಅದನ್ನೂ ಸಹಿಸಿಕೊಂಡು ವಾರಗಟ್ಟಲೆ ಆಡಿ ಕೊನೆಯ ಕಾಳಗಕ್ಕೆ ಬಂದವನ ಮುಂದೆ ನಡುವಿನಲ್ಲಿ ಸ್ತಬ್ಧವಾಗಿ ನಿಂತುಬಿಡುತ್ತದೆ. ಮತ್ತೆ ಶುರು ಮಾಡಿದರೆ ಉಳಿಸಿದ್ದೆಲ್ಲ ಅಳಿಸಿಹೋಗಿರುತ್ತದೆ. ಕಳ್ಳನನ್ನು ಬಾಗಿಲಲ್ಲಿ ಹಿಡಿಯದೆ, ಮೂಟೆ ಕಟ್ಟುವವರೆಗೆ ಕಾದು ಮೂಟೆಗೇ ಬೆಂಕಿಯಿಟ್ಟಂತೆ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ, ಹಗೆತನದಲ್ಲಿಯೂ ಅವನಿಗೊಂದು ಕಥೆಗಾರಿಕೆ ಇತ್ತು.

ನಮ್ಮ ಭಾವನವರು ಬ್ಯಾಂಕಿನಿಂದ ನಿವೃತ್ತರಾದವರು. ಸಂಗ್ರಹದ ವಿವರವನ್ನೆಲ್ಲ ಶಾಂತವಾಗಿ ಕೇಳಿ ಅವರು ಒಂದೇ ಮಾತು ಹೇಳಿದರು: "ಹಾಗಾದರೆ ಇವೆಲ್ಲ ಕನ್ನಗತ್ತರಿಗಳು ಅನ್ನಿ. ಸಂಸಾರಸ್ಥರ ಮನೆಯಲ್ಲಿ ಕನ್ನಗತ್ತರಿ ಯಾಕಯ್ಯಾ?"

ಮಾತು ನಾಟಿತು. ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. ಈ ಯಂತ್ರಗಳನ್ನು ಕೊಂಡವರಲ್ಲಿ ಬಹಳ ಮಂದಿ ಬಾಡಿಗೆಗೆ ಬಿಲ್ಲೆ ತಂದು ರಾತ್ರೋರಾತ್ರಿ ನಕಲು ಮಾಡಿಕೊಂಡವರೇ. ತೊಂಬತ್ತರ ದಶಕದ ಕೊನೆಯಲ್ಲಿ ನಿಂಟೆಂಡೊ ಸಂಸ್ಥೆ ಬಂಗ್‌ನವರ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು. ಮುಂದೆ ಕೆಲವು ವರ್ಷಗಳಲ್ಲಿ ಬಂಗ್ ಅಂಗಡಿ ಮುಚ್ಚಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನವು, ನ್ಯಾಯವಾಗಿ ಕೊಂಡವನು ತನ್ನ ಪ್ರತಿ ಹಾಳಾದೀತೆಂದು ಕಾಪಿಟ್ಟುಕೊಳ್ಳಲು ಗಣಕದ ಕ್ರಮವಿಧಿಯ ನಕಲು ತೆಗೆಯಬಹುದೆಂದು ಒಂದು ಕಿಂಡಿಯನ್ನು ಬಿಟ್ಟಿದೆ. ಆದರೆ ಆ ಕಿಂಡಿಯಲ್ಲಿ ತೂರಿಬಂದವರು ಎಷ್ಟು, ಗೋಡೆ ಹಾರಿಬಂದವರು ಎಷ್ಟು ಎಂದು ಕೇಳಿದರೆ ನಾವೇ ನಗಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಆಗ ಮಾರುತ್ತಿದ್ದ, 'ಒಂದರಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ' ಎಂದು ಬರೆದ ಹಳದಿ ಬಿಲ್ಲೆಗಳಲ್ಲಿ ಯಾವುದು ಅಸಲು? ನಾವೆಲ್ಲ ನಕಲಿನ ಮೇಲೆಯೇ ಬೆಳೆದ ಪೀಳಿಗೆ. ಒಂಬತ್ತು ಸಾವಿರ ಎಂದು ನಂಬಿ ಕೊಂಡು, ಎಣಿಸಿದರೆ ಹತ್ತಿಪ್ಪತ್ತು ಆಟಗಳೇ ತಿರುತಿರುಗಿ ಬರುವುದನ್ನು ಕಂಡವರು!

ಆದರೂ ಭಾವನವರಿಗೆ ಒಂದು ಉತ್ತರ ಕೊಟ್ಟೆವು. ನಕಲು ಮಾಡುವ ವಿದ್ಯೆಯನ್ನು ಬಿಲ್ಲೆಯವರೇ ಮಾರಿಕೊಂಡ ಕಾಲವೂ ಒಂದಿತ್ತು. 1986ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಡಿಸ್ಕ್ ಸಿಸ್ಟಮ್ ಎಂಬ ಉಪಕರಣವನ್ನು ತಂದು, ಅಂಗಡಿಗಳಲ್ಲಿ ಬರೆಯುವ ಯಂತ್ರಗಳನ್ನು ನಿಲ್ಲಿಸಿತು. 500 ಯೆನ್ ಕೊಟ್ಟರೆ ಹಳೆಯ ಆಟವನ್ನು ಅಳಿಸಿ ಹೊಸ ಆಟವನ್ನು ತಟ್ಟೆಗೆ ಬರೆದುಕೊಡುತ್ತಿದ್ದರು. ಈ ಸೇವೆ ಒಂದು ರೂಪದಲ್ಲಿ 2003ರವರೆಗೂ ನಡೆಯಿತು. ನಕಲು ಯಂತ್ರದವರ ಗುರುಗಳೂ ಅಲ್ಲೇ ಇದ್ದರು. ಮೊದಮೊದಲಿನ ಗೇಮ್ ಡಾಕ್ಟರುಗಳು ಈ ಡಿಸ್ಕ್ ಸಿಸ್ಟಮಿನ ಹೆಗಲೇರಿಯೇ ಕೆಲಸ ಮಾಡಿದವು. ಒಂದೇ ಕೆಲಸ: ಅವರು ಮಾಡಿದರೆ ಸೇವೆ, ಇವರು ಮಾಡಿದರೆ ಕಳವು. ಹಣ ಯಾರಿಗೆ ಸಲ್ಲಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದರೆ ಭಾವನವರು ಒಪ್ಪಬೇಕಾಯಿತು, ಬ್ಯಾಂಕಿನವರಲ್ಲವೆ.

ಇನ್ನೊಂದು ಉತ್ತರವೂ ಇತ್ತು. ಅದು ಅವರಿಗೆ ರುಚಿಸಲಿಲ್ಲ. ಈಗ ಹಳೆಯ ಆಟಗಳನ್ನು ಕಾಪಾಡುತ್ತಿರುವವರು ಬಳಸುವ ಕಡತಗಳ ಹೆಸರುಗಳನ್ನೇ ನೋಡಿ. ಸೂಪರ್ ನಿಂಟೆಂಡೊ ಆಟದ ಕಡತದ ಬಾಲದಲ್ಲಿ 'ಎಸ್‌ಎಂಸಿ' ಎಂದಿರುತ್ತದೆ. ಅದು ಸೂಪರ್ ಮ್ಯಾಜಿಕಾಂ. 'ಫಿಗ್' ಎಂದಿದ್ದರೆ ಪ್ರೊ ಫೈಟರ್. 'ವಿ64' ಎಂದಿದ್ದರೆ ನಮ್ಮ ಡಾಕ್ಟರು. ಅನೇಕ ಕಡತಗಳ ತಲೆಯ ಮೇಲೆ ಈಗಲೂ 512 ಬೈಟಿನ ಒಂದು ಪಟ್ಟಿ ಇರುತ್ತದೆ. ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ನಕಲು ಯಂತ್ರ ತನ್ನ ಗುರುತಿಗಾಗಿ ಬರೆದುಕೊಂಡದ್ದು. ಯಂತ್ರಗಳು ಸತ್ತು ದಶಕಗಳಾದರೂ ಕನ್ನದ ಗುರುತು ಉಳಿದಿದೆ. ಕಳವಿನ ದಾರಿಯಲ್ಲಿ ಬಂದದ್ದೇ ಎಷ್ಟೋ ಆಟಗಳ ಪಾಲಿಗೆ ಉಳಿವಿನ ದಾರಿಯೂ ಆಯಿತೆಂಬುದು ಕಹಿಯಾದರೂ ನಿಜ.

ಸಂಗ್ರಹದ ಕಷ್ಟವನ್ನು ಹೇಳದಿದ್ದರೆ ಇದು ಬರಿಯ ಜಂಬವಾದೀತು. ಮುಂಬಯಿಯ ಮಳೆಗಾಲ ಫ್ಲಾಪಿಗೆ ಯಮ. ಜೂನಿನಲ್ಲಿ ಮುಚ್ಚಿಟ್ಟ ಡಬ್ಬಿಯನ್ನು ಸೆಪ್ಟೆಂಬರಿನಲ್ಲಿ ತೆರೆದರೆ ತಟ್ಟೆಗಳ ಮೇಲೆ ಬೂಸಲು, ಹಳೆಯ ಉಪ್ಪಿನಕಾಯಿಯ ಭರಣಿಯ ಹಾಗೆ. ಬೂಸಲು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ಹಾಕಿದರೆ ಡ್ರೈವಿನ ತಲೆಗೂ ಮೆತ್ತಿಕೊಂಡು, ಮುಂದಿನ ಫ್ಲಾಪಿಗೆ ಅಂಟುರೋಗ. ಹೊಸ ಫ್ಲಾಪಿ ಕೊಳ್ಳೋಣವೆಂದರೆ ಸೋನಿಯವರು 2011ರಲ್ಲಿಯೇ ಅದರ ಮಾರಾಟವನ್ನು ನಿಲ್ಲಿಸಿದರು. ಯಂತ್ರಗಳೊಳಗಿನ ಪುಟ್ಟ ಬ್ಯಾಟರಿಗಳು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, "ಇದು ಯಾವ ಕಾಲದ್ದು ಸಾಹೇಬರೇ" ಎಂದು ನಗಿಸಿಕೊಂಡು, ಕೊನೆಗೆ ಹಳೆಯ ಡ್ರೈವೊಂದನ್ನು ತೂಕದ ಬೆಲೆಗೆ ತಂದ ದಿನ ನಮಗೆ ದೀಪಾವಳಿ. ಪರದೇಶದಿಂದ ಬಂದ ಒಂದು ಪಾರ್ಸೆಲ್ಲನ್ನು ಬಿಡಿಸಿಕೊಳ್ಳಲು ಹೋದಾಗ ಅಲ್ಲಿನ ಅಧಿಕಾರಿಗಳು "ಇದು ಏನು ಮಾಡುತ್ತದೆ?" ಎಂದು ಕೇಳಿದರು. "ಈಗ ಏನೂ ಮಾಡುವುದಿಲ್ಲ" ಎಂದೆವು. ಅವರು ನಮ್ಮನ್ನು ಒಂದು ಬಗೆಯ ಕನಿಕರದಿಂದ ನೋಡಿ ಕಾಗದಕ್ಕೆ ಮುದ್ರೆ ಒತ್ತಿದರು.

ಹೀಗೆ ಏನೂ ಮಾಡದೆ ಕುಳಿತಿದ್ದ ಯಂತ್ರಗಳಲ್ಲೊಂದಕ್ಕೆ ಕಳೆದ ವರ್ಷ ಕೆಲಸ ಬಂತು.

ನಮ್ಮ ಸಂಘದ ಯುಗಾದಿಯ ಊಟದಲ್ಲಿ ಸಂಗ್ರಹದ ಮಾತು ಬಂದಿತ್ತು. ಮರುವಾರ ಧಾರವಾಡದ ಕಡೆಯ ಒಬ್ಬ ಸೋದರಿ ಮನೆಗೆ ಬಂದರು. ಕೈಚೀಲದಿಂದ ಒಂದು ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು: ಸೂಪರ್ ನಿಂಟೆಂಡೊದ 'ದಿ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದಿ ಪಾಸ್ಟ್', ಅಮೆರಿಕದಲ್ಲಿ 1992ರಲ್ಲಿ ಬಂದದ್ದು. ಅವರ ಚಿಕ್ಕಪ್ಪ ಅಲ್ಲಿಂದ ಪೆಟ್ಟಿಗೆ ಸಮೇತ ತಂದು ಅವರ ತಮ್ಮನಿಗೆ ಕೊಟ್ಟದ್ದಂತೆ. ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಪೆಟ್ಟಿಗೆ ಯಾವಾಗಲೋ ಕೆಟ್ಟುಹೋಯಿತು. ಬಿಲ್ಲೆಯನ್ನು ಮಾತ್ರ ಅವರ ತಾಯಿ ದೇವರ ಮನೆಯ ಕಪಾಟಿನಲ್ಲಿ ಇಟ್ಟಿದ್ದರು.

"ಅಣ್ಣಾ, ಇದರಾಗ ಅಂವ ಆಡಿದ್ದು ಇನ್ನೂ ಅದ ಏನು, ನೋಡಿ ಹೇಳ್ತೀರೇನು?" ಎಂದರು.

ಇಲ್ಲಿ ಸ್ವಲ್ಪ ಯಂತ್ರಶಾಸ್ತ್ರ ಹೇಳದೆ ಗತ್ಯಂತರವಿಲ್ಲ. ಈ ಬಿಲ್ಲೆಯಲ್ಲಿ ಆಟವಿರುವ ಚಿಪ್ಪು ಬೇರೆ, ಆಡಿದವನ ಗುರುತನ್ನು ಹಿಡಿದಿಡುವ ಚಿಪ್ಪು ಬೇರೆ. ಮೊದಲನೆಯದು ಶಿಲಾಶಾಸನ. ಎರಡನೆಯದು ಮರಳಿನ ಮೇಲಿನ ಬರಹ. ಒಂದು ಚಿಕ್ಕ ಗುಂಡುಬ್ಯಾಟರಿ ಹಗಲೂ ರಾತ್ರಿ ಚೂರು ಚೂರೇ ವಿದ್ಯುತ್ತು ಕೊಟ್ಟು ಅದನ್ನು ಉಳಿಸುತ್ತಿರುತ್ತದೆ. ಬ್ಯಾಟರಿ ಸತ್ತ ಗಳಿಗೆಯೇ ಬರಹ ಮಾಯ. ಹೊಸ ಬ್ಯಾಟರಿ ಹಾಕಬಹುದು. ಆದರೆ ಹಾಕುವುದಕ್ಕೆ ಹಳೆಯದನ್ನು ತೆಗೆಯಬೇಕಲ್ಲ, ತೆಗೆದಾಗಲೇ ಬರಹ ಹೋಗುತ್ತದೆ! ಮೊದಲು ಬರಹವನ್ನು ಬೇರೆಡೆಗೆ ಎತ್ತಿಟ್ಟುಕೊಂಡರೆ ಮಾತ್ರ ದಾರಿ.

ವಿಶೇಷ ತಿರುಪುಳಿಯಿಂದ ಬಿಲ್ಲೆಯ ಬೆನ್ನನ್ನು ಬಿಚ್ಚಿ ಮೀಟರ್ ಹಿಡಿದು ನೋಡಿದೆವು. ಹೊಸತರಲ್ಲಿ ಮೂರು ವೋಲ್ಟ್ ಇರಬೇಕಾದ ಬ್ಯಾಟರಿ ಮೂವತ್ತು ಚಿಲ್ಲರೆ ವರ್ಷಗಳ ಮೇಲೆ 2.3 ತೋರಿಸಿತು. ಎರಡರ ಸುಮಾರಿಗೆ ಇಳಿದರೆ ಮುಗಿಯಿತೆಂದು ಲೆಕ್ಕ. ಬರಹ ಇದೆಯೋ ಆಗಲೇ ಹೋಗಿದೆಯೋ ತಿಳಿಯದು. ಇದ್ದರೆ ಇನ್ನು ಬಹಳ ಕಾಲ ಇರುವುದಿಲ್ಲವೆಂಬುದು ಮಾತ್ರ ಸ್ಪಷ್ಟ. ಆ ಸೋದರಿಗೆ ಇರುವುದನ್ನು ಇದ್ದಂತೆ ಹೇಳಿದೆವು. ಅವರು ತಾಯಿಗೆ ಫೋನು ಮಾಡಿ ಬಹಳ ಹೊತ್ತು ಮಾತನಾಡಿದರು. ಹೊರಗೆ ಬಂದು, "ಅವ್ವ ಮಾಡ್ರಿ ಅಂದಾಳ" ಎಂದರು.

ಸೂಪರ್ ವೈಲ್ಡ್ ಕಾರ್ಡಿನ ಬೆನ್ನಿಗೆ ಹಳೆಯ ಪ್ರಿಂಟರಿನ ತಂತಿ ಕೂಡುವ ಒಂದು ಬಾಯಿ ಇದೆ. ಅದನ್ನು ನಮ್ಮ ಹಳೆಯ ಕಂಪ್ಯೂಟರಿಗೆ ಜೋಡಿಸಿ, ಯುಕಾನ್64 ಎಂಬ ಕ್ರಮವಿಧಿಯಿಂದ ಆಜ್ಞೆ ಕೊಟ್ಟರೆ, ಸೀಳಿನಲ್ಲಿರುವ ಬಿಲ್ಲೆಯ ಬರಹದ ಚಿಪ್ಪನ್ನು ಯಂತ್ರ ಓದಿ ಕಳಿಸಬಲ್ಲದು. ನಮ್ಮದೇ ಬೇರೊಂದು ಬಿಲ್ಲೆಯ ಮೇಲೆ ಮೂರು ದಿನ ಅದನ್ನೇ ಪ್ರಯೋಗ ಮಾಡಿದೆವು: ಓದುವುದು, ಬ್ಯಾಟರಿ ಕೀಳುವುದು, ಹೊಸದನ್ನು ಬೆಸೆಯುವುದು, ತಿರುಗಿ ಬರೆಯುವುದು. ಮೂರು ಸಲವೂ ಸರಿಹೋದಮೇಲೆ ಆ ಸೋದರಿಯನ್ನು ಕರೆಸಿದೆವು. ಕಟ್ಟಡದಲ್ಲಿ ಯಾರೂ ಲಿಫ್ಟಿನ ಮುಖ್ಯ ಸ್ವಿಚ್ಚನ್ನು ಮುಟ್ಟಬಾರದೆಂದು ಮನೆಯಾಕೆ ಕೆಳಗೆ ಹೋಗಿ ಕಾವಲುಗಾರನಿಗೆ ಹೇಳಿಬಂದರು. ಭಾವನವರೂ ಬಂದು ಕುಳಿತಿದ್ದರು; ಕರೆದವರು ಯಾರೂ ಇಲ್ಲ.

ಬಂದದ್ದು ಎಂಟು ಕಿಲೋಬೈಟ್. ಈ ಪ್ರಬಂಧದ ಒಂದು ಪುಟವೂ ಅದರಲ್ಲಿ ಕಷ್ಟಪಟ್ಟು ಹಿಡಿದೀತು. ಎರಡು ಸಲ ಓದಿಸಿ, ಎರಡೂ ಒಂದೇ ಆಗಿವೆಯೆಂದು ತಾಳೆ ನೋಡಿದಮೇಲೆ ಬ್ಯಾಟರಿಯನ್ನು ತೆಗೆದು ಹೊಸದನ್ನು ಬೆಸೆದು, ಬರಹವನ್ನು ತಿರುಗಿ ಬಿಲ್ಲೆಗೆ ಇಳಿಸಿ, ಬಿಲ್ಲೆಯನ್ನು ನಮ್ಮ ಪೆಟ್ಟಿಗೆಗೆ ಹಾಕಿ ಟೆಲಿವಿಷನ್ ಹಚ್ಚಿದೆವು.

ಆ ಆಟದಲ್ಲಿ ಮೂವರು ಆಡುವವರಿಗೆ ಮೂರು ಸಾಲು. ಮೊದಲ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪುಟ್ಟ' ಎಂದಿತ್ತು, ಪಕ್ಕದಲ್ಲಿ ಎರಡು ಸಾಲಿನ ತುಂಬ ಕೆಂಪು ಹೃದಯಗಳು. ಹುಡುಗ ಬಹಳ ದೂರ ಹೋಗಿದ್ದ. ಎರಡನೆಯದು ಖಾಲಿ. ಮೂರನೆಯ ಸಾಲಿನಲ್ಲಿ 'ಅಕ್ಕ' ಎಂದು ಬರೆದು ಮೂರೇ ಹೃದಯಗಳಿದ್ದವು. ಆಟ ಶುರುವಾಗುವುದು ಮೂರರಿಂದ.

"ನಾ ಎಂದೂ ಆಡಿಲ್ಲ" ಎಂದರು ಆ ಸೋದರಿ. "ಆಡು ಬಾ ಅಂತ ಕರೀತಿದ್ದ. ಓದೋದದ ಹೋಗು ಅಂತಿದ್ದೆ."

ಭಾವನವರು ಎದ್ದು ಬಾಲ್ಕನಿಗೆ ಹೋದರು. ಮನೆಯಾಕೆ ಚಹಾ ಇಡಲು ಹೋದರು. ನಾವು ತಂತಿಗಳನ್ನು ಸುತ್ತುತ್ತ ಕುಳಿತೆವು. ಸುತ್ತುವುದಕ್ಕೆ ಅಷ್ಟು ತಂತಿಗಳಿದ್ದದ್ದೇ ಪುಣ್ಯ.

ಈಗ ಅವರ ಮಗಳು ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಮೂರನೆಯ ಸಾಲಿನಲ್ಲಿ ಆಡುತ್ತಾಳೆ. ಮೊನ್ನೆಗೆ ಏಳು ಹೃದಯಗಳಾದವು. ಮೊದಲನೆಯ ಸಾಲನ್ನು ಮುಟ್ಟಬಾರದೆಂದು ಅವಳಿಗೆ ಯಾರೂ ಹೇಳಿಲ್ಲ, ಮುಟ್ಟಿಯೂ ಇಲ್ಲ. ಎಂಟು ಕಿಲೋಬೈಟಿನ ಆ ಕಡತದ ಒಂದು ಪ್ರತಿ ಅವರಲ್ಲಿದೆ, ಒಂದು ನಮ್ಮಲ್ಲಿ, ಮತ್ತೊಂದನ್ನು ಫ್ಲಾಪಿಯಲ್ಲಿಯೇ ಬೇಕೆಂದು ಅವರ ತಾಯಿ ಕೇಳಿ ತರಿಸಿಕೊಂಡು ಬಿಲ್ಲೆಯಿದ್ದ ಜಾಗದಲ್ಲಿ ಇಟ್ಟಿದ್ದಾರಂತೆ. ಧಾರವಾಡದಲ್ಲಿ ಮುಂಬಯಿಯಷ್ಟು ಬೂಸಲಿನ ಭಯವಿಲ್ಲ.

ಬಿಲ್ಲೆಯ ಬೆನ್ನಿಗೆ ಬ್ಯಾಟರಿ ಹಾಕಿದ ತಾರೀಖನ್ನು ಬರೆದು ಅಂಟಿಸಿದ್ದೇವೆ. ಪ್ರಿಂಟರಿನ ಬಾಯಿಯುಳ್ಳ ಆ ಹಳೆಯ ಕಂಪ್ಯೂಟರು ಮಾತ್ರ ಇತ್ತೀಚೆಗೆ ಒಂದು ಬಗೆಯ ಸದ್ದು ಮಾಡುತ್ತಿದೆ. ಸಂಘದ ಬಂಧುಗಳಲ್ಲಿ ಯಾರ ಅಟ್ಟದ ಮೇಲಾದರೂ ಅಂತಹುದೊಂದು ಬಿದ್ದಿದ್ದರೆ, ಭಾನುವಾರ ಭಂಗಾರದವನು ಬರುವುದಕ್ಕೆ ಮುಂಚೆ ನಮಗೊಂದು ಮಾತು ತಿಳಿಸಬೇಕಾಗಿ ವಿನಂತಿ.